ಮಸ್ಟ್ಯಾಂಗ್ ಹುಡುಕಿಕೊಂಡು ಕೊಡಗಿಗೆ ಹೋದೆ!

"ಗುರುವೇ, ಅಮೆರಿಕದ್ದು. ಫೋರ್ಡ್ ಕಂಪನಿದು. ರೇಸಿಗೂ ಹೋಗಿ ಬಂದ ಗಾಡಿ. ಈಗ ದುಡ್ಡು ಸುರಿದರೂ ಸಿಗಲ್ಲ. ಗೋಣಿಕೊಪ್ಪದ ಹತ್ತಿರ ಒಂದು ತೋಟದ ಶೆಡ್ಡಿನಲ್ಲಿ ನಿಂತಿದೆ!"

ಮೈಸೂರು ಬಸ್ ಸ್ಟ್ಯಾಂಡಿನ ಕ್ಯಾಂಟೀನಿನಲ್ಲಿ ನನ್ನ ಗೆಳೆಯ ಇಷ್ಟು ಹೇಳಿ ಕಾಫಿ ಲೋಟ ಕೆಳಗಿಟ್ಟ. ನನ್ನ ಲೋಟ ಕೈಯಲ್ಲೇ ಉಳಿಯಿತು. ಅಮೆರಿಕದ ಫೋರ್ಡು, ರೇಸು, ಅಪರೂಪ… ಇನ್ನೇನು ಬೇಕು ಸ್ವಾಮಿ? ಮಸ್ಟ್ಯಾಂಗೇ ಇರಬೇಕು!

ನನ್ನ ಮಸ್ಟ್ಯಾಂಗ್ ಹುಚ್ಚಿನ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗುವ ಹಾಗಿಲ್ಲ. ಹುಡುಗನಾಗಿದ್ದಾಗ 'ಬುಲ್ಲಿಟ್' ನೋಡಿದೆ. 1968ರ ಚಿತ್ರ. ಸ್ಟೀವ್ ಮೆಕ್‌ಕ್ವೀನ್ ಹೀರೋ. ಸ್ಯಾನ್ ಫ್ರಾನ್ಸಿಸ್ಕೋದ ಏರು ಇಳಿಜಾರಿನ ಬೀದಿಗಳಲ್ಲಿ ಹಸಿರು ಮಸ್ಟ್ಯಾಂಗ್ ಒಂದು ಕಪ್ಪು ಡಾಡ್ಜ್ ಚಾರ್ಜರನ್ನು ಅಟ್ಟಿಸಿಕೊಂಡು ಹೋಗುತ್ತದೆ. ಹತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಬರೀ ಕಾರುಗಳದ್ದೇ ದರ್ಬಾರು. ಚೇಸು ಶುರುವಾದ ಮೇಲೆ ಡೈಲಾಗೂ ಇಲ್ಲ, ಹಿನ್ನೆಲೆ ಸಂಗೀತವೂ ಇಲ್ಲ, ಬರೀ ಎಂಜಿನ್ ಸದ್ದು! ಆ ಚಿತ್ರದ ಸಂಕಲನಕ್ಕೆ ಆಸ್ಕರ್ ಬಂತು. ನನಗೆ ಬಂದದ್ದು ನಿದ್ದೆಗೇಡು. ಅವತ್ತಿನಿಂದ ಇವತ್ತಿನವರೆಗೆ ನಿಜವಾದ ಹಳೆಯ ಮಸ್ಟ್ಯಾಂಗ್ ಒಂದನ್ನು ಮುಟ್ಟಿ ನೋಡಬೇಕೆಂಬ ಆಸೆ ಹಾಗೇ ಉಳಿದಿತ್ತು. 2016ರಲ್ಲಿ ಫೋರ್ಡ್‌ನವರೇ ಹೊಸ ಮಸ್ಟ್ಯಾಂಗನ್ನು ಭಾರತಕ್ಕೆ ತಂದರು, ನಿಜ. ಆದರೆ ಹೊಸದು ಹೊಸದೇ, ಹಳೆಯದು ಹಳೆಯದೇ. 2021ರಲ್ಲಿ ಇಲ್ಲಿ ಕಾರು ಮಾಡುವುದನ್ನೇ ನಿಲ್ಲಿಸುತ್ತೇವೆ ಎಂದು ಅವರು ಸಾರಿದರು, ಆ ಕಥೆಯೂ ಮುಗಿಯಿತು.

ಹೇಗೂ ನನಗೆ ಕೊಡಗಿನಲ್ಲಿ ಕೆಲಸವಿತ್ತು. ಚಿತ್ರೀಕರಣದ ತಾಣಗಳ ಬಗ್ಗೆ ಬರೆಯಬೇಕಿತ್ತು. ಫೆಬ್ರವರಿ ತಿಂಗಳು. ಬ್ಯಾಗು ಹೆಗಲಿಗೇರಿಸಿ ಕೆಂಪು ಬಸ್ಸು ಹತ್ತಿದೆ. ಹುಣಸೂರು, ಪಿರಿಯಾಪಟ್ಟಣ, ಬೈಲಕುಪ್ಪೆ ದಾಟಿ ಕುಶಾಲನಗರದ ಕಾವೇರಿ ಸೇತುವೆ ಬಂದಾಗ ಕಿಟಕಿಯಿಂದ ತಣ್ಣನೆ ಗಾಳಿ. ಅಲ್ಲಿಂದಾಚೆ ರಸ್ತೆ ನೆಟ್ಟಗೆ ಹೋಗುವುದನ್ನೇ ಮರೆತುಬಿಡುತ್ತದೆ.

ಮಡಿಕೇರಿಯ ಬಗ್ಗೆ ನಿಮಗೆ ನಾನು ಹೇಳಬೇಕೇ? 1971ರಲ್ಲಿ ಪುಟ್ಟಣ್ಣ ಕಣಗಾಲರು 'ಶರಪಂಜರ'ಕ್ಕೆ ಈ ಸೀಮೆಯ ಚೆಲುವನ್ನು ಬಳಸಿಕೊಂಡ ಮೇಲೆ ಕನ್ನಡದ ಪ್ರೇಮಿಗಳಿಗೆಲ್ಲ ಕೊಡಗು ತವರಾಯಿತು. 1990ರಲ್ಲಿ 'ಮುತ್ತಿನಹಾರ'ದಲ್ಲಿ ವಿಷ್ಣುವರ್ಧನ್ ಕೊಡವ ಯೋಧನಾದರು. 2006ರ 'ಮುಂಗಾರು ಮಳೆ'ಯಲ್ಲಿ ಗಣೇಶ್ ಮೊಲದ ಜೊತೆ ನೆನೆದರು. 2008ರ 'ಗಾಳಿಪಟ'ದಲ್ಲಿ ಯೋಗರಾಜ ಭಟ್ಟರು ಮಾಂದಲಪಟ್ಟಿಯ ಬೆಟ್ಟವನ್ನು 'ಮುಗಿಲುಪೇಟೆ' ಮಾಡಿದರು. ಅಂದಿನಿಂದ ಆ ಬೆಟ್ಟಕ್ಕೆ ಜನವೋ ಜನ. ದಾರಿಯ ಕೊನೆಯ ಭಾಗ ಕಲ್ಲು, ಕೊರಕಲು, ಧೂಳು. ನಿಮ್ಮ ಕಾರು ಅಲ್ಲಿಗೆ ಏರುವುದಿಲ್ಲ. ಬಾಡಿಗೆ ಜೀಪೇ ಗತಿ.

ನಾನೂ ಒಂದು ಜೀಪು ಹತ್ತಿದೆ. ಅದರ ಡ್ರೈವರ್, ಇಪ್ಪತ್ತೈದರ ಹುಡುಗ, ಒಂದು ಕೈಯಲ್ಲಿ ಸ್ಟೀರಿಂಗು, ಇನ್ನೊಂದು ಕೈಯಲ್ಲಿ ಗೇರು, ಬಾಯಲ್ಲಿ ಗಾಳಿಪಟದ ಕಥೆ. ಒಂದು ತಿರುವಿನಲ್ಲಿ ನನ್ನ ತಲೆ ಮೇಲಿನ ಕಂಬಿಗೆ ಬಡಿಯಿತು. "ಹಿಡ್ಕೊಳ್ಳಿ ಸಾರ್, ಇನ್ನೂ ಶುರುವಾಗಿಲ್ಲ" ಅಂದ! 2018ರ ಆಗಸ್ಟಿನ ಮಳೆಗೆ ಈ ಬೆಟ್ಟಗಳು ಕುಸಿದಾಗ ಈ ಕಡೆಯ ಎಷ್ಟೋ ರಸ್ತೆಗಳು ಕೊಚ್ಚಿಹೋದವು. ಆಗ ಬೇರೆ ಯಾವ ಗಾಡಿಯೂ ಹೋಗದ ಕಡೆ ಹೋದದ್ದು ಜೀಪುಗಳೇ ಎಂದು ಹೇಳುವಾಗ ಮಾತ್ರ ಅವನ ದನಿ ಸ್ವಲ್ಪ ತಗ್ಗಿತು. ನಾನು ಮಾತ್ರ ಅವತ್ತು ಜೀಪಿಗೆ ಮರ್ಯಾದೆ ಕೊಡುವ ಸ್ಥಿತಿಯಲ್ಲಿರಲಿಲ್ಲ. ತಲೆ ತುಂಬ ಮಸ್ಟ್ಯಾಂಗು!

ಶೆಡ್ಡಿನ ಬಾಗಿಲು ತೆರೆಯಿತು

ಮಾರನೆಯ ದಿನ ಮೂರ್ನಾಡು, ವಿರಾಜಪೇಟೆ ಮಾರ್ಗವಾಗಿ ಗೋಣಿಕೊಪ್ಪಕ್ಕೆ ಬಂದೆ. ದಕ್ಷಿಣ ಕೊಡಗು ಅಂದರೆ ರೋಬಸ್ಟಾ ಕಾಫಿಯ ನಾಡು. ಕೊಯ್ಲಿನ ಕಾಲ. ರಸ್ತೆ ಪಕ್ಕದ ಕಣಗಳಲ್ಲೆಲ್ಲ ಕಾಫಿ ಹಣ್ಣು ಒಣಗುತ್ತಿತ್ತು. ಆ ವಾಸನೆಯನ್ನು ಏನೆಂದು ಹೇಳಲಿ? ಕೊಳೆತ ಸಿಹಿ ಮತ್ತು ಬಿಸಿಲು, ಎರಡೂ ಕಲಸಿದ ಹಾಗೆ. ಭತ್ತ ಕೊಯ್ದು ಪುತ್ತರಿ ಮುಗಿದು ಗದ್ದೆಗಳು ಖಾಲಿ ಬಿದ್ದಿದ್ದವು.

ತೋಟದ ಮಾಲೀಕರು ಎಂಬತ್ತು ದಾಟಿದ ಹಿರಿಯರು. ಬಿಳಿ ಮೀಸೆ, ನೆಟ್ಟನೆಯ ಬೆನ್ನು. ಅವರ ಹೆಸರು ಬರೆಯುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ. ಅಜ್ಜ ಎಂದೇ ಕರೆಯೋಣ, ಮನೆಯಲ್ಲೂ ಹಾಗೇ ಕರೆಯುತ್ತಾರೆ.

"ಸಿನಿಮಾ ಪೇಪರಿನವರಾ? ಇಲ್ಲಿ ಯಾರೂ ಹೀರೋಯಿನ್ ಇಲ್ವಲ್ಲ ಮಾರಾಯ್ರೇ!"

ಬಂದ ವಿಷಯ ಹೇಳಿದೆ. ಅಜ್ಜ ಏನೂ ಹೇಳದೆ ಎದ್ದು ಶೆಡ್ಡಿನ ಕಡೆ ನಡೆದರು. ಮೊಮ್ಮಗ ಓಡಿಬಂದು ತಗಡಿನ ಬಾಗಿಲು ಎಳೆದ. ಒಳಗೆ ಕರಿಮೆಣಸಿನ ಚೀಲ, ಹಳೆ ಪಲ್ಪರು, ಏಣಿ. ನಡುವೆ ಟಾರ್ಪಾಲು ಹೊದ್ದ ಏನೋ ಒಂದು. ನನ್ನ ಎದೆ ಡವಡವ. ಟಾರ್ಪಾಲು ಜಾರಿತು…

ಜೀಪು!

ಮೋಸ ಹೋದೆ ಅನ್ನಿಸಿತು. ನಿನ್ನೆಯಷ್ಟೇ ತಲೆಗೆ ಪೆಟ್ಟು ತಿಂದು ಬಂದ ಅದೇ ಜೀಪು! ನನ್ನ ಮುಖ ನೋಡಿ ಮೊಮ್ಮಗ ಕಿಸಕ್ಕನೆ ನಕ್ಕ. "ಎಲ್ಲರೂ ಹೀಗೇ ಅಂಕಲ್. ಸ್ವಲ್ಪ ಹತ್ರ ಬನ್ನಿ" ಅಂದ. ಟಾರ್ಚು ಹಾಕಿ ಬಾನೆಟ್ ಪಕ್ಕದ ಒಂದು ಬೋಲ್ಟಿನ ತಲೆ ತೋರಿಸಿದ. ಅದರ ಮೇಲೆ ಇಂಗ್ಲಿಷಿನ 'ಎಫ್' ಅಕ್ಷರ. ಇನ್ನೊಂದು ಬೋಲ್ಟು, ಅದರ ಮೇಲೂ ಎಫ್. "ಎಫ್ ಅಂದ್ರೆ ಫೋರ್ಡ್."

ಗೆಳೆಯ ಸುಳ್ಳು ಹೇಳಿರಲಿಲ್ಲ. ಅಮೆರಿಕದ್ದು, ಸರಿ. ಫೋರ್ಡ್ ಕಂಪನಿದು, ಸರಿ. ಸಿಗುವುದಿಲ್ಲ, ಅದೂ ಸರಿ. ಈ ಗಾಡಿಯ ಹೆಸರು ಫೋರ್ಡ್ ಜಿಪಿಡಬ್ಲ್ಯು. ಎರಡನೆಯ ಮಹಾಯುದ್ಧದ ಜೀಪು. ಎರಡು ದಶಕ ಕಳೆದ ಮೇಲೆ, 1964ರ ಏಪ್ರಿಲ್ 17ರಂದು, ಮಸ್ಟ್ಯಾಂಗನ್ನು ಲೋಕಕ್ಕೆ ತೋರಿಸಿದ್ದು ಇದೇ ಕಂಪನಿ. ಅಂದರೆ ನಾನು ಹುಡುಕಿಕೊಂಡು ಬಂದ ಹೀರೋನ ದೊಡ್ಡಣ್ಣನೇ ಎದುರಿಗೆ ನಿಂತಿದ್ದ!

ಜೀಪಿನ ಜನ್ಮವೂ ಒಂದು ಸಿನಿಮಾ ಕಥೆಯೇ. 1940ರಲ್ಲಿ ಅಮೆರಿಕದ ಸೈನ್ಯ ಹಗುರವಾದ, ನಾಲ್ಕೂ ಚಕ್ರ ಎಳೆಯುವ ಗಾಡಿ ಬೇಕೆಂದು ಕೇಳಿತು. ಮಾದರಿ ತಯಾರಿಸಲು ಕೊಟ್ಟ ಗಡುವು 49 ದಿನ! ಬ್ಯಾಂಟಮ್ ಎಂಬ ಪುಟ್ಟ ಕಂಪನಿ ಕಾರ್ಲ್ ಪ್ರಾಬ್ಸ್ಟ್ ಎಂಬ ಎಂಜಿನಿಯರನ್ನು ಕರೆಸಿತು. ಆತ ಕೆಲವೇ ದಿನಗಳಲ್ಲಿ ನಕ್ಷೆ ಬರೆದು ಮುಗಿಸಿದ. ಸೆಪ್ಟೆಂಬರ್ 23ರಂದು ಗಡುವಿನೊಳಗೆ ಗಾಡಿ ಸೈನ್ಯದ ಕೈ ಸೇರಿತು. ಆದರೆ ಪಾಪ, ದೊಡ್ಡ ಆರ್ಡರು ಬ್ಯಾಂಟಮ್‌ಗೆ ಸಿಗಲಿಲ್ಲ. ಸಣ್ಣ ಕಂಪನಿ ಲಕ್ಷಗಟ್ಟಲೆ ಗಾಡಿ ಮಾಡಲಾರದು ಎಂದು ಸೈನ್ಯ ವಿಲ್ಲೀಸ್ ಮತ್ತು ಫೋರ್ಡ್‌ಗೆ ಕೆಲಸ ಕೊಟ್ಟಿತು. ಕಥೆ ಬರೆದವನೊಬ್ಬ, ಕಟೌಟು ಇನ್ನೊಬ್ಬನದು! ನಮ್ಮ ಗಾಂಧಿನಗರಕ್ಕೆ ಇದು ಹೊಸದೇನಲ್ಲ ಬಿಡಿ. ಯುದ್ಧ ಮುಗಿಯುವ ಹೊತ್ತಿಗೆ ವಿಲ್ಲೀಸ್ ಸುಮಾರು 3 ಲಕ್ಷ 60 ಸಾವಿರ, ಫೋರ್ಡ್ ಸುಮಾರು 2 ಲಕ್ಷ 78 ಸಾವಿರ ಜೀಪು ಮಾಡಿದ್ದವು.

ಎಂಜಿನ್ ವಿನ್ಯಾಸ ವಿಲ್ಲೀಸ್‌ನದು. ಹೆಸರು 'ಗೋ ಡೆವಿಲ್'. 2199 ಸಿ.ಸಿ., 60 ಅಶ್ವಶಕ್ತಿ. ಬುಲ್ಲಿಟ್ ಮಸ್ಟ್ಯಾಂಗಿನ ಎಂಜಿನ್ ಇದರ ಮೂರು ಪಟ್ಟು ದೊಡ್ಡದು, ಶಕ್ತಿ 325. ಲೆಕ್ಕಕ್ಕೆ ನೋಡಿದರೆ ಅಣ್ಣನಿಗಿಂತ ತಮ್ಮ ಪೈಲ್ವಾನ. ಆದರೆ ಅಜ್ಜನ ತೋಟದ ಇಳಿಜಾರಿಗೆ ಜುಲೈ ತಿಂಗಳಲ್ಲಿ ಆ ತಮ್ಮನನ್ನು ಇಳಿಸಿ ನೋಡಿ! ಗೇರ್ ರಾಡಿನ ಪಕ್ಕ ಇನ್ನೆರಡು ಪುಟ್ಟ ರಾಡುಗಳಿವೆ. ಒಂದನ್ನು ಎಳೆದರೆ ಮುಂದಿನ ಚಕ್ರಗಳಿಗೂ ಜೀವ ಬರುತ್ತದೆ. ಇನ್ನೊಂದನ್ನು ಎಳೆದರೆ ವೇಗ ಅರ್ಧಕ್ಕಿಳಿದು ಎಳೆಯುವ ಬಲ ಇಮ್ಮಡಿಯಾಗುತ್ತದೆ. ಆಮೇಲೆ ಕೆಸರಾದರೇನು, ಜಾರುವ ಕೆಮ್ಮಣ್ಣಾದರೇನು, ಕತ್ತೆಯ ಹಾಗೆ ತಾಳ್ಮೆಯಿಂದ ಹತ್ತುತ್ತದೆ.

ಅಜ್ಜನ ತಂದೆ ಸೈನ್ಯದಲ್ಲಿದ್ದವರು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಬೇಡದ ಗಾಡಿಗಳನ್ನು ಹರಾಜು ಹಾಕಿದಾಗ ಇದನ್ನು ಕೊಂಡು ತಂದರಂತೆ. ಕೊಡಗಿನಲ್ಲಿ ಸೈನ್ಯವಿಲ್ಲದ ಮನೆ ಯಾವುದು ಹೇಳಿ? ದೇಶದ ಮೊದಲ ಭಾರತೀಯ ದಂಡನಾಯಕ ಕಾರ್ಯಪ್ಪ ಈ ಮಣ್ಣಿನವರು. ಜನರಲ್ ತಿಮ್ಮಯ್ಯ ಹುಟ್ಟಿದ ಮಡಿಕೇರಿಯ 'ಸನ್ನಿ ಸೈಡ್' ಮನೆ 2021ರಿಂದ ಮ್ಯೂಸಿಯಂ ಆಗಿದೆ. ಬಸ್ಸಿಗೆ ಕಾಯುವ ಬದಲು ಒಳಗೆ ಹೋಗಿ ಬನ್ನಿ. 1948ರ ನವೆಂಬರ್ 1ರಂದು ಹನ್ನೊಂದು ಸಾವಿರ ಅಡಿಗೂ ಎತ್ತರದ ಜೋಜಿ ಲಾ ಕಣಿವೆಗೆ ಟ್ಯಾಂಕು ಏರಿಸಿ ಶತ್ರುವನ್ನು ದಂಗುಬಡಿಸಿದವರು ಇದೇ ತಿಮ್ಮಯ್ಯ. ಮುಂದಿನ ಟ್ಯಾಂಕಿನಲ್ಲಿ ತಾವೇ ಕೂತಿದ್ದರು! ಆ ಟ್ಯಾಂಕುಗಳೂ ಅಮೆರಿಕದವೇ, ಸ್ಟುವರ್ಟ್ ಅಂತ. ಅಮೆರಿಕದ ಯಂತ್ರಕ್ಕೂ ಕೊಡಗಿನ ಕೈಗೂ ಹಳೆಯ ನಂಟು ಅನ್ನಿ.

ಬಲಗಣ್ಣು

ಹತ್ತಿರದಿಂದ ನೋಡುತ್ತ ನೋಡುತ್ತ ನನ್ನ ಸಿಟ್ಟು ಇಳಿಯಿತು. ಮುಂದಿನ ಗ್ರಿಲ್ಲಿನಲ್ಲಿ ಒಂಬತ್ತು ಸೀಳು. ಯುದ್ಧದ ನಂತರದ ಜೀಪುಗಳಿಗೆ ಏಳೇ. ಹೆಡ್‌ಲೈಟನ್ನು ಮೇಲಕ್ಕೆ ಮಗುಚಿದರೆ ಅದು ಹಿಂದಕ್ಕೆ ತಿರುಗಿ ಎಂಜಿನ್ನಿಗೇ ಬೆಳಕು ಬಿಡುತ್ತದೆ, ರಾತ್ರಿ ಕೆಟ್ಟರೆ ರಿಪೇರಿಗೆ! ಪೆಟ್ರೋಲ್ ಟ್ಯಾಂಕು ಡ್ರೈವರ್ ಸೀಟಿನ ಕೆಳಗೇ. "ಬೆಂಕಿ ಮೇಲೆ ಕೂತ್ಕೊಂಡು ಬೀಡಿ ಸೇದ್ತೀರಲ್ಲ ಅಂತ ಬೈತಿದ್ಲು" ಎಂದರು ಅಜ್ಜ. ಯಾರು ಬೈಯುತ್ತಿದ್ದರು ಎಂದು ನಾನು ಕೇಳಲಿಲ್ಲ. ಗೋಡೆಯ ಮೇಲಿನ ಫೋಟೋಗೆ ಹಾಕಿದ್ದ ಹಾರ ಆಗಲೇ ನೋಡಿದ್ದೆ.

ಸ್ಟೀರಿಂಗು ಎಡಗಡೆಗಿದೆ. ಅಮೆರಿಕದ ಪದ್ಧತಿ. ನಮ್ಮ ರಸ್ತೆಯಲ್ಲಿ ಎಡಗಡೆ ಕೂತು ಓಡಿಸಿದರೆ ಮುಂದಿರುವ ಲಾರಿಯ ಆಚೆ ಏನಿದೆ ಎಂದು ಕಾಣುವುದಿಲ್ಲ. ಕೊಡಗಿನ ತಿರುವಿನಲ್ಲಂತೂ ಕಣ್ಣು ಕಟ್ಟಿ ಓಡಿಸಿದ ಹಾಗೆ. ಎಷ್ಟೋ ಜನ ಸ್ಟೀರಿಂಗನ್ನು ಬಲಕ್ಕೆ ಹಾಕಿಸಿಕೊಂಡರು. ಇವರು ಹಾಕಿಸಲಿಲ್ಲ. ಯಾಕೆಂದರೆ ಬಲಗಡೆ ಸೀಟಿನಲ್ಲಿ ಹೆಂಡತಿ ಇದ್ದರು.

"ಅವಳು ಬಗ್ಗಿ ನೋಡೋಳು. ದಾರಿ ಖಾಲಿ ಇದ್ರೆ 'ಹೂಂ' ಅನ್ನೋಳು. ಅಷ್ಟೇ. ಮಾತಾಡದಿದ್ರೆ ಬ್ರೇಕು. ಐವತ್ತು ವರ್ಷದಲ್ಲಿ ಒಂದು ಸಲಾನೂ ತಪ್ಪು ಹೂಂ ಬರ್ಲಿಲ್ಲ."

ರೇಸಿನ ಕಥೆಯೂ ಇವರಿಬ್ಬರದೇ. 1970ರ ದಶಕದಲ್ಲಿ ಒಂದು ರ‍್ಯಾಲಿಗೆ ಈ ಜೀಪಿನಲ್ಲೇ ಹೋಗಿದ್ದರು. ಮಿತ್ರರೇ, ರ‍್ಯಾಲಿ ಅಂದ ಕೂಡಲೇ ಯದ್ವಾತದ್ವಾ ಓಡಿಸುವುದು ಅಂದುಕೊಳ್ಳಬೇಡಿ. ಆಗಿನ ಹಲವು ರ‍್ಯಾಲಿಗಳು ಗಡಿಯಾರದ ಆಟ. ಇಷ್ಟು ದೂರವನ್ನು ಇಷ್ಟೇ ಸರಾಸರಿ ವೇಗದಲ್ಲಿ ಮುಗಿಸಬೇಕು ಎಂದು ಚೀಟಿ ಕೊಡುತ್ತಾರೆ. ತಡವಾದರೆ ದಂಡ. ಬೇಗ ಬಂದರೂ ದಂಡ! ಡ್ರೈವರಿಗಿಂತ ಪಕ್ಕದಲ್ಲಿ ಕೂತು ಲೆಕ್ಕ ಹಾಕುವವರ ತಲೆಗೇ ಕೆಲಸ. ಅಜ್ಜಿ ಮೊಣಕಾಲ ಮೇಲೆ ನೋಟುಪುಸ್ತಕ, ಕೈಯಲ್ಲಿ ಎಚ್‌ಎಂಟಿ ವಾಚು ಹಿಡಿದು ರಾತ್ರಿಯಿಡೀ ಲೆಕ್ಕ ಹಾಕಿದರಂತೆ. ಗೆದ್ದರೇ? ಇಲ್ಲ. ದಾರಿಯಲ್ಲಿ ಮಗುಚಿದ್ದ ಗಾಡಿಯೊಂದರ ಜನರನ್ನು ಆಸ್ಪತ್ರೆಗೆ ಸೇರಿಸಿ ಬರುವಷ್ಟರಲ್ಲಿ ಎರಡು ಗಂಟೆ ಹೋಯಿತು. ಕೊನೆಗೆ ಸಿಕ್ಕಿದ್ದು ಸಮಾಧಾನಕ್ಕೆ ಒಂದು ಸ್ಟೀಲ್ ತಟ್ಟೆ. ಅವತ್ತು ಮಧ್ಯಾಹ್ನ ನನಗೆ ಕಡಂಬುಟ್ಟು ಬಡಿಸಿದ್ದು ಅದೇ ತಟ್ಟೆಯಲ್ಲಿ! ಜೊತೆಗೆ ಪಂದಿ ಕರಿ. ಕಾಚಂಪುಳಿ ಹಾಕಿದ ಆ ಕಪ್ಪು ಸಾರಿನ ಬಗ್ಗೆ ಬರೆಯಲು ಹೋದರೆ ಸಂಪಾದಕರು ಕತ್ತರಿ ಹಾಕುತ್ತಾರೆ, ಬಿಡಿ.

ಅಜ್ಜಿ ಹೋಗಿ ಮೂರು ವರ್ಷ. ಜೀಪು ಶೆಡ್ಡು ಬಿಟ್ಟು ಹೊರಬಂದಿಲ್ಲ.

ಈಗ ಗಂಟು ಬಿದ್ದಿರುವುದು ಇಲ್ಲಿ. ಬೆಂಗಳೂರಿನ ಹಳೆ ಗಾಡಿ ಸಂಗ್ರಹಿಸುವವರೊಬ್ಬರು ಈ ಜೀಪಿನ ಮೇಲೆ ಕಣ್ಣು ಹಾಕಿದ್ದಾರೆ. 1980ರ ದಶಕದಲ್ಲಿ ಪೆಟ್ರೋಲ್ ದುಬಾರಿಯೆಂದು ಕೊಡಗಿನಲ್ಲಿ ಸಾಲುಸಾಲು ಜೀಪುಗಳು ಹಳೆ ಎಂಜಿನ್ ಕಿತ್ತುಹಾಕಿ ಡೀಸೆಲ್ ಎಂಜಿನ್ ಕೂರಿಸಿಕೊಂಡವು. ಈ ಜೀಪಿನಲ್ಲಿ ಮಾತ್ರ ಹುಟ್ಟಿದಾಗಿನ ಎಂಜಿನ್ನೇ ಇದೆ. ಅದಕ್ಕೇ ಈ ಬೆಲೆ. ಅವರು ಹೇಳಿದ ಮೊತ್ತ ನಾನು ಬರೆಯುವುದಿಲ್ಲ. ಮಳೆಗೆ ಕುಸಿದ ಲೈನ್ ಮನೆಗಳನ್ನು ಕಟ್ಟಿಸಿ, ಬ್ಯಾಂಕಿನ ಸಾಲ ತೀರಿಸಿ, ಇನ್ನೂ ಸ್ವಲ್ಪ ಉಳಿಯುವಷ್ಟು. ಭಾನುವಾರ ಉತ್ತರ ಹೇಳಬೇಕು. ನಾನು ಹೋದದ್ದು ಶುಕ್ರವಾರ.

ಕಾನೂನೂ ಒಂದಿದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಹಳೆ ಗಾಡಿಗಳಿಗೆಂದೇ ನಿಯಮ ತಂದಿತು. ಐವತ್ತು ವರ್ಷ ದಾಟಿದ, ಮೂಲ ರೂಪ ಕೆಡಿಸದ ಗಾಡಿಗೆ 'ವಿಂಟೇಜ್' ಎಂದು ನೋಂದಣಿ. ಹೊಸ ನೋಂದಣಿಗೆ 20 ಸಾವಿರ ರೂಪಾಯಿ, ಹತ್ತು ವರ್ಷ ಬಾಳಿಕೆ, ನಂಬರ್ ಪ್ಲೇಟಿನಲ್ಲಿ 'ವಿಎ' ಅಕ್ಷರ. ಮರ್ಯಾದೆಯೇನೋ ದೊಡ್ಡದೇ. ಆದರೆ ಆಮೇಲೆ ದಿನನಿತ್ಯದ ಓಡಾಟಕ್ಕೆ ಬಳಸುವ ಹಾಗಿಲ್ಲ. ಪ್ರದರ್ಶನ, ವಿಂಟೇಜ್ ರ‍್ಯಾಲಿ, ಪೆಟ್ರೋಲ್ ಹಾಕಿಸಲು, ರಿಪೇರಿಗೆ, ಇಷ್ಟಕ್ಕೆ ಮಾತ್ರ ರಸ್ತೆಗಿಳಿಯಬಹುದು. "ಅಂದ್ರೆ ಪೆನ್ಷನ್ ಆದ ಮಿಲಿಟರಿಯವನ ಹಾಗೆ. ಮೆಡಲ್ ಹಾಕ್ಕೊಂಡು ಫೋಟೋಗೆ ನಿಲ್ಲೋದು" ಎಂದರು ಅಜ್ಜ.

ಮೊಮ್ಮಗನದು ಬೇರೆ ರಾಗ. ಅವನಿಗೆ ಆಟೋಕ್ರಾಸ್ ಹುಚ್ಚು. ಕೊಯ್ಲು ಮುಗಿದ ಗದ್ದೆಯಲ್ಲಿ ಸುತ್ತು ಹಾದಿ ಗುರುತಿಸಿ, ಒಂದೊಂದೇ ಗಾಡಿ ಬಿಟ್ಟು, ಸ್ಟಾಪ್‌ವಾಚ್ ಹಿಡಿಯುತ್ತಾರೆ. ಗುರುತಿನ ಕಂಬ ಬೀಳಿಸಿದರೆ ದಂಡದ ಸೆಕೆಂಡುಗಳು ಸೇರುತ್ತವೆ. ದಕ್ಷಿಣ ಕೊಡಗಿನಲ್ಲಿ ಬೇಸಿಗೆ ಬಂತೆಂದರೆ ಹಾಕಿಯ ಜೊತೆ ಇದೂ ಒಂದು ಜಾತ್ರೆ. ಇತ್ತೀಚಿನ ವರ್ಷಗಳಲ್ಲಿ ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್‌ಶಿಪ್ಪಿನ ಸುತ್ತು ಕೂಡ ಇಲ್ಲಿನ ಕಾಫಿ ತೋಟಗಳ ಮಣ್ಣು ದಾರಿಗೆ ಬಂದಿದೆ. ಆ ಭಾನುವಾರವೇ ಹತ್ತಿರದ ಗದ್ದೆಯಲ್ಲಿ ಒಂದು ಸ್ಪರ್ಧೆ. "ಮಾರೋದಾದ್ರೆ ಮಾರಿ ಅಜ್ಜ. ಆದ್ರೆ ಒಂದೇ ಒಂದು ಸಲ ಗದ್ದೆಗೆ ಇಳಿಸಿ. ಸ್ಪರ್ಧೆಗೆ ಬೇಡ, ಶುರುವಿಗೆ ಒಂದು ಸುತ್ತು. ಜನ ನೋಡ್ಲಿ" ಎಂದು ಹಟ ಹಿಡಿದಿದ್ದ.

ಅಜ್ಜ ಮಾತಾಡಲಿಲ್ಲ. ಮಾತಾಡದಿದ್ದರೆ ಬ್ರೇಕು ಅಂತ ನಾನೂ ಕಲಿತಿದ್ದೆ.

ರಾತ್ರಿ ಜಗಲಿಯಲ್ಲಿ ಕೂತಾಗ ನನ್ನ ಸಿನಿಮಾ ಪುರಾಣ ಬಿಚ್ಚಿದೆ. ಅಮೆರಿಕದಲ್ಲಿ 1966ರಲ್ಲಿ ಶುರುವಾದ ಟ್ರಾನ್ಸ್-ಆಮ್ ರೇಸು, ಅಲ್ಲಿ ಮಸ್ಟ್ಯಾಂಗಿಗೂ ಶೆವ್ರೊಲೆಯ ಕಮಾರೊಗೂ ಹಾವು ಮುಂಗುಸಿಯ ಜಗಳ. 1968, 69 ಎರಡೂ ವರ್ಷ ಕಮಾರೊದಲ್ಲಿ ಮಾರ್ಕ್ ಡೊನೊಹ್ಯೂ ಗೆದ್ದದ್ದು, 1970ರಲ್ಲಿ ಮಸ್ಟ್ಯಾಂಗ್ ಬಾಸ್ 302 ಸೇಡು ತೀರಿಸಿಕೊಂಡದ್ದು ಎಲ್ಲ ಹೇಳಿದೆ. ಮೊಮ್ಮಗನ ಕಣ್ಣು ಅರಳಿದ್ದು ಡಾಡ್ಜ್ ಚಾರ್ಜರ್ ಡೇಟೋನಾ ಕಥೆಗೆ. ರೇಸಿಗೆ ಬಿಡಬೇಕಾದರೆ ಅದೇ ಕಾರನ್ನು ಕನಿಷ್ಠ 500 ಮಾಡಿ ಜನರಿಗೂ ಮಾರಬೇಕೆಂಬ ನಿಯಮ. ಡಾಡ್ಜ್‌ನವರು 1969ರಲ್ಲಿ 503 ಮಾಡಿದರು! ಮುಂದೆ ಚೂಪು ಮೂತಿ, ಹಿಂದೆ ಎತ್ತರದ ರೆಕ್ಕೆ. 1970ರ ಮಾರ್ಚ್ 24ರಂದು ಬಡ್ಡಿ ಬೇಕರ್ ಅದರಲ್ಲಿ ಗಂಟೆಗೆ 200.447 ಮೈಲಿ, ಅಂದರೆ 322 ಕಿಲೋಮೀಟರ್ ದಾಟಿಸಿದ. ಮುಚ್ಚಿದ ಟ್ರ್ಯಾಕಿನಲ್ಲಿ ಆ ಬಗೆಯ ಕಾರು 200 ಮೈಲಿ ದಾಟಿದ್ದು ಅದೇ ಮೊದಲು.

ಅಜ್ಜ ತೂಕಡಿಸುತ್ತಿದ್ದಾರೆ ಅಂದುಕೊಂಡಿದ್ದೆ. "ಆ ಹಸಿರು ಕಾರು ಏನಾಯ್ತು?" ಎಂದರು ಥಟ್ಟನೆ.

ಹೇಳಿದೆ. ಬುಲ್ಲಿಟ್ ಚಿತ್ರದ ಹೀರೋ ಓಡಿಸಿದ ಕಾರು 1974ರಲ್ಲಿ ಒಂದು ಸಾಧಾರಣ ಸಂಸಾರದ ಕೈ ಸೇರಿತು. ಮನೆಯಾಕೆ ಟೀಚರು. ಆಕೆ ದಿನಾ ಸ್ಕೂಲಿಗೆ ಹೋಗುತ್ತಿದ್ದದ್ದು ಅದರಲ್ಲೇ! 1977ರಲ್ಲಿ ಸ್ವತಃ ಮೆಕ್‌ಕ್ವೀನ್ ಕಾರನ್ನು ನನಗೆ ಕೊಡಿ ಎಂದು ಕಾಗದ ಬರೆದ. ಆ ಮನೆಯವರು ಕೊಡಲಿಲ್ಲ. ಹಾಲಿವುಡ್ಡಿನ ದೊರೆ ಕೇಳಿದರೂ ಕೊಡಲಿಲ್ಲ! ಕಾರು ಕೆಟ್ಟು ಷೆಡ್ಡು ಸೇರಿ ದಶಕಗಳೇ ಕಳೆದವು.

"ಆಮೇಲೆ?"

"ಯಜಮಾನರು ತೀರಿಕೊಂಡರು. ಮಗ ಸರಿಮಾಡಿಸಿ 2020ರ ಜನವರಿಯಲ್ಲಿ ಹರಾಜಿಗಿಟ್ಟ. ಕಮಿಷನ್ನೂ ಸೇರಿ 37 ಲಕ್ಷ 40 ಸಾವಿರ ಡಾಲರಿಗೆ ಹೋಯಿತು. ಆಗಿನ ಲೆಕ್ಕದಲ್ಲಿ ಸುಮಾರು 26 ಕೋಟಿ ರೂಪಾಯಿ."

"ಕೊನೆಗೂ ಮಾರಿದ್ರು ಅನ್ನಿ" ಎಂದು ಅಜ್ಜ ಎದ್ದು ಒಳಗೆ ಹೋದರು. ನಾನು ಹೇಳಬಾರದಿತ್ತೇನೋ. ಬಾಯಿ ಕಚ್ಚಿಕೊಂಡು ಕೂತೆ.

ಭಾನುವಾರ

ಶನಿವಾರ ಬೆಳಿಗ್ಗೆ ಎದ್ದು ನೋಡಿದರೆ ಶೆಡ್ಡಿನ ಬಾಗಿಲು ತೆರೆದಿತ್ತು. ಅಜ್ಜ ಕಾರ್ಬುರೇಟರ್ ಬಿಚ್ಚಿ ಹಳೆ ದಿನಪತ್ರಿಕೆಯ ಮೇಲೆ ಹರಡಿಕೊಂಡು ಮೊಮ್ಮಗನಿಗೆ ತೊಳೆಯಲು ಹೇಳಿಕೊಡುತ್ತಿದ್ದರು. ಏನು, ಯಾಕೆ ಎಂದು ಯಾರೂ ಕೇಳಲಿಲ್ಲ. ಬ್ಯಾಟರಿ ಸತ್ತಿತ್ತು. ಇದರದ್ದು ಆರು ವೋಲ್ಟಿನದು, ಪೇಟೆಯಲ್ಲಿ ಕೇಳಿದರೆ ನಗುತ್ತಾರೆ. ಸಂಜೆ ಹ್ಯಾಂಡಲ್ ಹಾಕಿ ತಿರುಗಿಸುವ ಕೆಲಸ ನನಗೂ ಬಂತು. "ಹೆಬ್ಬೆರಳು ಉಳಿದ ಬೆರಳಿನ ಪಕ್ಕಕ್ಕೇ ಇರಲಿ. ಸುತ್ತಿ ಹಿಡಿದ್ರೆ ಎಂಜಿನ್ ಒದ್ದಾಗ ಮುರಿಯುತ್ತೆ" ಎಂದರು. ಎಂಟನೆಯ ಸಲವೋ ಒಂಬತ್ತನೆಯ ಸಲವೋ, ಒಂದು ಕೆಮ್ಮು. ಇನ್ನೊಂದು ಕೆಮ್ಮು. ಆಮೇಲೆ ಹೊಗೆ ಉಗುಳಿ ಎದ್ದಿತು ನೋಡಿ ಆ ಗೋ ಡೆವಿಲ್! ಮಸ್ಟ್ಯಾಂಗಿನ ಗರ್ಜನೆ ಅಲ್ಲ. ಹಿಟ್ಟಿನ ಗಿರಣಿಯ ಸದ್ದು. ಆದರೂ ನನ್ನ ರೋಮ ಎದ್ದು ನಿಂತಿತು, ಸುಳ್ಳು ಯಾಕೆ ಹೇಳಲಿ. ಅಡುಗೆಮನೆಯಿಂದ ಸೊಸೆ ಓಡಿ ಬಂದು ಬಾಗಿಲಲ್ಲೇ ನಿಂತುಬಿಟ್ಟರು, ಕೈಯಲ್ಲಿ ಸೌಟು.

ಭಾನುವಾರ ಮೊಮ್ಮಗ ತನ್ನ ಗಾಡಿ ತೆಗೆದುಕೊಂಡು ಬೆಳಗಿನ ಜಾವವೇ ಗದ್ದೆಗೆ ಹೋಗಿದ್ದ. ಅಜ್ಜ ಇಸ್ತ್ರಿ ಷರಟು ಹಾಕಿ ಎಡಗಡೆ ಹತ್ತಿ ಕೂತರು. ಬಲಗಡೆಯ ಸೀಟು ಖಾಲಿ. ನಾನು ಹಿಂದೆ ಹತ್ತಲು ಹೋದೆ.

"ಮುಂದೆ ಬನ್ನಿ ಪೇಪರಿನವರೇ. ಹಿಂದಿನಿಂದ ಏನು ಕಾಣುತ್ತೆ?"

ಬಾಗಿಲು ಇಲ್ಲ, ಬೆಲ್ಟು ಇಲ್ಲ. ಕೈಗೆ ಸಿಕ್ಕ ಕಂಬಿ ಹಿಡಿದುಕೊಂಡೆ. ಎರಡು ಕಿಲೋಮೀಟರ್ ಸುಮ್ಮನೆ ಬಂದೆವು. ಮುಂದೆ ಕಾಫಿ ಮೂಟೆ ತುಂಬಿದ ಲಾರಿ. ಅದರ ಹಿಂದೆ ಆಮೆಯ ಹಾಗೆ ನಾವು. ಅಜ್ಜ ನನ್ನ ಕಡೆ ನೋಡಲಿಲ್ಲ, ನೆಟ್ಟಗೆ ಮುಂದೆಯೇ ನೋಡುತ್ತಿದ್ದರು. ನಾನು ಬಗ್ಗಿದೆ. ರಸ್ತೆ ಖಾಲಿ. ನಿಜವಾಗಿ ಖಾಲಿಯೇ? ಆ ಸಿಲ್ವರ್ ಓಕ್ ಮರಗಳ ಆಚೆ? ಇನ್ನೂ ಸ್ವಲ್ಪ ಬಗ್ಗಿದೆ. ಬಾಯಿ ಒಣಗಿತು. ಹೂಂ ಅನ್ನುವ ಎರಡಕ್ಷರ ಗಂಟಲಲ್ಲೇ ಸಿಕ್ಕಿಕೊಂಡಿತು. ಅಷ್ಟರಲ್ಲಿ ತಿರುವಿನಿಂದ ಬಸ್ಸೊಂದು ಭರ‍್ರನೆ ಬಂದು ಪಕ್ಕದಲ್ಲೇ ಹಾದುಹೋಯಿತು.

ಅಜ್ಜ ಬ್ರೇಕಿನ ಮೇಲಿದ್ದ ಕಾಲು ತೆಗೆದು "ಪರವಾಗಿಲ್ಲ, ಕಲೀತೀರಿ" ಎಂದರು. ಲಾರಿಯ ಹಿಂದೆಯೇ ಗದ್ದೆ ತಲುಪಿದೆವು.

ಗದ್ದೆಯ ಬದುವಿನ ಮೇಲೆ ಊರಿಗೆ ಊರೇ ನೆರೆದಿತ್ತು. ಕೊಡೆ, ಐಸ್‌ಕ್ರೀಮ್ ಗಾಡಿ, ಮೈಕು. ದೊಡ್ಡ ಟೈರಿನ ಹೊಸ ಥಾರ್‌ಗಳು, ಬಣ್ಣ ಬಳಿದ ಜಿಪ್ಸಿಗಳು. ಹಳೆ ಹಸಿರು ಜೀಪು ಇಳಿದು ಬಂದಾಗ ಮೊದಲು ಯಾರೂ ಗಮನಿಸಲಿಲ್ಲ. ಆಮೇಲೆ ಹಿರಿಯರೊಬ್ಬರು ಎದ್ದು ನಿಂತರು. ಇನ್ನೊಬ್ಬರು. ಹುಡುಗರು ಮೊಬೈಲು ಎತ್ತಿದರು. ನಮ್ಮಿಬ್ಬರ ತಲೆಗೆ ಹೆಲ್ಮೆಟ್ ಹಾಕಿದರು. ಬಾವುಟ ಬಿತ್ತು.

ಮೊದಲ ತಿರುವಿನಲ್ಲಿ ಅಜ್ಜ ಎಂಬತ್ತು ದಾಟಿದವರು ಎನ್ನುವುದನ್ನು ಮರೆತೆ. ಎರಡನೆಯ ತಿರುವಿನಲ್ಲಿ ನನಗೆ ಮನೆಯಲ್ಲಿ ಹೆಂಡತಿ ಮಕ್ಕಳಿದ್ದಾರೆ ಎನ್ನುವುದು ನೆನಪಾಯಿತು. ಜೀಪು ಒಣ ಕೂಳೆಗಳ ಮೇಲೆ ಕುಣಿಯುತ್ತಿತ್ತು. ಬದು ಕಡಿದು ಮಾಡಿದ ದಿಣ್ಣೆಯಲ್ಲಿ ನಾಲ್ಕು ಚಕ್ರವೂ ನೆಲ ಬಿಟ್ಟಿತು ಎಂದು ಮೊಮ್ಮಗ ಇವತ್ತಿಗೂ ಸಾಧಿಸುತ್ತಾನೆ. ನಾನು ಕಣ್ಣು ಮುಚ್ಚಿದ್ದೆ, ಸಾಕ್ಷಿ ಹೇಳಲಾರೆ. ಸಮಯ? ಅವತ್ತು ಓಡಿದ ಎಲ್ಲ ಗಾಡಿಗಳಿಗಿಂತ ಹೆಚ್ಚು. ಕಂಬ ಮಾತ್ರ ಒಂದೂ ಬೀಳಲಿಲ್ಲ.

ಇಳಿದಾಗ ಬೆಂಗಳೂರಿನವರ ಕಡೆಯ ಮನುಷ್ಯ ಕಾದು ನಿಂತಿದ್ದ. ಒಳ್ಳೆಯವನೇ. ಜೀಪಿನ ಬಾನೆಟ್ಟನ್ನು ಅಂಗೈಯಿಂದ ಮೆಲ್ಲಗೆ ಸವರಿದ ರೀತಿಯಲ್ಲೇ ತಿಳಿಯಿತು, ಅವನಿಗೂ ನನ್ನಂಥದೇ ರೋಗ. "ಸಾರ್, ಇವತ್ತೇ ಕೀ ಕೊಟ್ಟರೆ ಅಡ್ವಾನ್ಸ್ ಇಲ್ಲೇ ಕೊಡ್ತೀನಿ" ಎಂದ.

ಅಜ್ಜ ಹೆಲ್ಮೆಟ್ ತೆಗೆಯುತ್ತ ನಕ್ಕರು. "ಕೀ ಇಲ್ಲ ಮಾರಾಯ್ರೇ ಇದಕ್ಕೆ. ಬರೀ ಸ್ವಿಚ್ಚು. ಯುದ್ಧದಲ್ಲಿ ಕೀ ಹುಡುಕ್ತಾ ಕೂರೋಕಾಗುತ್ತಾ?"

"ಹಾಗಾದ್ರೆ… ಉತ್ತರ?"

"ಈಗ ಮನೆಗೆ ಹೋಗ್ಬೇಕಲ್ಲ. ಬಂದಿರೋದು ಇದರಲ್ಲೇ. ಪುತ್ತರಿ ಕಳೀಲಿ, ಬನ್ನಿ, ಊಟ ಮಾಡ್ಕೊಂಡು ಹೋಗಿ."

ಪುತ್ತರಿಗೆ ಇನ್ನೂ ಒಂಬತ್ತು ಹತ್ತು ತಿಂಗಳು! ಆ ಮನುಷ್ಯನ ಮುಖ ನೋಡಲಾಗಲಿಲ್ಲ. ಲೈನ್ ಮನೆಗಳ ಮಾಡಿಗೆ ಈ ಮಳೆಗಾಲವೂ ಟಾರ್ಪಾಲೇ ಗತಿಯೇನೋ. ಅದನ್ನೂ ನಾನು ಕೇಳಲಿಲ್ಲ.

ಸಂಜೆ ನಾಲ್ಕಕ್ಕೆ ಗೋಣಿಕೊಪ್ಪದಿಂದ ನನ್ನ ಬಸ್ಸು. ಬಿಟ್ಟು ಬರುತ್ತೇವೆಂದು ಹೊರಟರು. ಮೊಮ್ಮಗ ತನ್ನ ಗಾಡಿಯನ್ನು ಗೆಳೆಯನಿಗೆ ಒಪ್ಪಿಸಿ ಬಲಗಡೆ ಸೀಟಿಗೆ ಹಾರಿ ಕೂತ. ನಾನು ಹಿಂದಿನ ಸೀಟಿನಲ್ಲಿ ಬ್ಯಾಗು ತಬ್ಬಿಕೊಂಡು ಕೂತೆ. ಪೇಟೆಗೆ ಮುಂಚೆ ಮತ್ತೆ ಒಂದು ಲಾರಿ ಅಡ್ಡ ಬಂತು. ಹುಡುಗ ಅರ್ಧ ಮೈ ಹೊರಗೆ ಹಾಕಿ ನೋಡಿದ. ಮಾತಾಡಲಿಲ್ಲ. ಅಜ್ಜ ವೇಗ ಇಳಿಸಿದರು. ಎದುರಿನಿಂದ ಒಂದು ಕಾರು ಹೋಯಿತು, ಅದರ ಹಿಂದೆ ಒಂದು ಸ್ಕೂಟರು. ಹುಡುಗ ಇನ್ನೂ ನೋಡುತ್ತಲೇ ಇದ್ದ.

"ಹೂಂ, ಅಜ್ಜ" ಅಂದ.